ದೋಣಿಯ ಕಿರುಯಂತ್ರ: ಅದರ ಆರೈಕೆ ಮತ್ತು ಬಿಡಿಭಾಗಗಳ ಶೋಧನೆ

ಜೂನ್ ತಿಂಗಳ ಮೊದಲ ದಿನದಿಂದ ಜುಲೈ ತಿಂಗಳ ಕೊನೆಯವರೆಗೆ ಕರ್ನಾಟಕದ ಕರಾವಳಿಯಲ್ಲಿ ದೊಡ್ಡ ಯಾಂತ್ರಿಕ ದೋಣಿಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಮೀನುಗಳ ಸಂತಾನವನ್ನು ಕಾಪಾಡುವುದಕ್ಕಾಗಿ ಈ ನಿರ್ಬಂಧವನ್ನು ಮಾಡಿದ್ದಾರೆ. ಆದರೆ 10 ಅಶ್ವಶಕ್ತಿಯವರೆಗಿನ ಯಂತ್ರವನ್ನು ಕಟ್ಟಿಕೊಂಡ ನಾಡದೋಣಿಗಳಿಗೆ ವಿನಾಯಿತಿಯುಂಟು. ಆದುದರಿಂದ ಕಡಲು ಅತ್ಯಂತ ಒರಟಾಗಿರುವ ತಿಂಗಳುಗಳಲ್ಲಿಯೇ ಅತ್ಯಂತ ಚಿಕ್ಕ ಯಂತ್ರಗಳು ಅಳಿವೆಯ ಬಾಯನ್ನು ದಾಟಬೇಕಾಗುವುದು. ನದಿಯು ಕಡಲನ್ನು ಕೂಡುವ ಆ ಎಡೆಯಲ್ಲಿ ಮರಳದಿಬ್ಬದ ಮೇಲೆ ಅಲೆಗಳು ಮುರಿದು ಬೀಳುತ್ತಿರುತ್ತವೆ. ಅಲ್ಲಿ ಯಂತ್ರವು ನಿಂತುಹೋಯಿತೆಂದರೆ ದೋಣಿಯು ಅಲೆಗೆ ಅಡ್ಡಲಾಗಿ ತಿರುಗುವುದು; ಅಡ್ಡಲಾದ ದೋಣಿಯನ್ನು ಮಗುಚಲು ಒಂದೇ ಅಲೆ ಸಾಕು.

ಹೀಗೆ ನಡುದಾರಿಯಲ್ಲಿ ನಿಂತ ಯಂತ್ರವನ್ನು ದಡಕ್ಕೆ ತಂದು ಬಿಚ್ಚಿ ನೋಡಿದರೆ ಎಷ್ಟೋ ವೇಳೆ ಯಾವ ದೊಡ್ಡ ಭಾಗವೂ ಕೆಟ್ಟಿರುವುದಿಲ್ಲ. ಬೆರಳುದ್ದದ ಕಡ್ಡಿಯೊಂದು ತುಂಡಾಗಿರುವುದು. ರಬ್ಬರಿನ ಪುಟ್ಟ ಚಕ್ರವೊಂದು ಹರಿದಿರುವುದು. ಇಲ್ಲವೆ ಸೂಜಿಮೊನೆಯಂಥ ರಂಧ್ರವೊಂದು ಮುಚ್ಚಿಕೊಂಡಿರುವುದು. ಇದು ಕೇವಲ ಆಕಸ್ಮಿಕವಲ್ಲ. ಈ ಯಂತ್ರವನ್ನು ರೂಪಿಸಿದವರು ಕೆಲವು ಅಗ್ಗದ ಭಾಗಗಳನ್ನು ಸವೆಯಲೆಂದೇ, ಮುರಿಯಲೆಂದೇ, ಕರಗಲೆಂದೇ ಇರಿಸಿದ್ದಾರೆ. ಅವು ನಾಶವಾಗಿ ಬೆಲೆಯುಳ್ಳ ಭಾಗಗಳನ್ನು ಉಳಿಸುವುವು. ಆ ಚಿಕ್ಕ ಭಾಗಗಳನ್ನು ಸಕಾಲದಲ್ಲಿ ಬದಲಿಸುವುದೇ ಯಂತ್ರದ ಆರೈಕೆ. ಅವುಗಳಿಗೆ ತಕ್ಕ ಬದಲಿಯನ್ನು ದೊರಕಿಸುವುದೇ ಬಿಡಿಭಾಗಗಳ ಶೋಧನೆ. ಈ ಲೇಖನದಲ್ಲಿ ಅವೆರಡನ್ನೂ ನಾವು ಕ್ರಮವಾಗಿ ಪರಿಶೀಲಿಸೋಣ.

ಯಂತ್ರದ ಪೂರ್ವವೃತ್ತಾಂತ

ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಸಿಕ್ಕಿಸಿ ಬಿಗಿಯುವ, ಬೇಡವಾದಾಗ ಕಳಚಿ ಹೆಗಲ ಮೇಲೆ ಹೊತ್ತೊಯ್ಯಬಹುದಾದ ಎಂಜಿನಿಗೆ ಔಟ್‌ಬೋರ್ಡ್ ಎಂಜಿನ್ ಎಂದು ಹೆಸರು. ಎಂಜಿನ್, ಪ್ರೊಪೆಲರ್, ಚುಕ್ಕಾಣಿ ಈ ಮೂರೂ ಇದರಲ್ಲಿ ಒಂದೇ ಕಟ್ಟಿನೊಳಗೆ ಅಡಕವಾಗಿವೆ. ಅಮೆರಿಕೆಯ ಡೆಟ್ರಾಯಿಟ್ ನಗರದ ಕ್ಯಾಮೆರಾನ್ ವಾಟರ್‌ಮನ್ ಎಂಬಾತನು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಇಂಥ ಯಂತ್ರಗಳನ್ನು ಮಾಡಿ ಮಾರಿದ್ದನು. ಆದರೆ ಇದನ್ನು ಜನಸಾಮಾನ್ಯರ ಬಳಕೆಗೆ ತಂದ ಕೀರ್ತಿ ಓಲೆ ಎವಿನ್‌ರೂಡ್ ಎಂಬ ಕುಶಲಿಗೆ ಸಲ್ಲುವುದು. ನಾರ್ವೆಯಲ್ಲಿ 1877ರಲ್ಲಿ ಜನಿಸಿ ಬಾಲ್ಯದಲ್ಲಿಯೇ ಅಮೆರಿಕೆಗೆ ಬಂದ ಈತನು ಮಿಲ್ವಾಕಿ ನಗರದಲ್ಲಿ 1909ರಲ್ಲಿ ತನ್ನ ಯಂತ್ರವನ್ನು ಮಾರಾಟಕ್ಕೆ ತಂದನು. ಅದರ ಬಲ ಒಂದೂವರೆ ಅಶ್ವಶಕ್ತಿ. ತೂಕ 62 ಪೌಂಡು, ಎಂದರೆ ಸುಮಾರು 28 ಕಿಲೋಗ್ರಾಂ. ವ್ಯವಹಾರದ ಭಾರವನ್ನು ಅವನ ಪತ್ನಿ ಬೆಸ್ ಹೊತ್ತಿದ್ದಳು.

ಎವಿನ್‌ರೂಡ್ ಹೆಸರಿನ ಯಂತ್ರಗಳ ತಯಾರಿಕೆಯು 2020ರಲ್ಲಿ ನಿಂತುಹೋಯಿತು. ಇಂಗ್ಲೆಂಡಿನಲ್ಲಿ 1931ರಲ್ಲಿ ಆರಂಭವಾದ ಬ್ರಿಟಿಷ್ ಸೀಗಲ್ ಯಂತ್ರಗಳ ತಯಾರಿಕೆಯು 1996ರಲ್ಲಿಯೇ ಕೊನೆಗೊಂಡಿತು. ಆದರೂ ಇವೆರಡು ಹೆಸರಿನ ಯಂತ್ರಗಳೂ ಜಗತ್ತಿನ ಎಷ್ಟೋ ಕೆರೆ ಕಡಲುಗಳಲ್ಲಿ ಇನ್ನೂ ಓಡುತ್ತಿವೆ. ತಯಾರಕರು ಹೋದ ಮೇಲೂ ಯಂತ್ರವು ಉಳಿದುದು ಹೇಗೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಂತ್ರದೊಳಕ್ಕೆ ಹೋಗೋಣ.

ಯಂತ್ರದ ರಚನೆ

ಮೇಲುಗಡೆ ಎಂಜಿನ್ನಿನ ತಲೆ, ನಡುವೆ ಉದ್ದನೆಯ ಕಾಲು, ಕೆಳಗಡೆ ಹಲ್ಲುಗಾಲಿಗಳ ಪೆಟ್ಟಿಗೆ ಮತ್ತು ಪ್ರೊಪೆಲರ್ — ಹೀಗೆ ಯಂತ್ರವನ್ನು ಮೂರು ಭಾಗ ಮಾಡಬಹುದು. ತಲೆಯಲ್ಲಿ ಹುಟ್ಟಿದ ತಿರುಗುವ ಚಲನೆಯು ಕಾಲಿನೊಳಗಿನ ನೆಟ್ಟನೆಯ ದಂಡದ ಮೂಲಕ ಕೆಳಗಿಳಿದು, ಹಲ್ಲುಗಾಲಿಗಳಲ್ಲಿ ದಿಕ್ಕನ್ನು ಬದಲಿಸಿ, ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿಕೊಂಡು ಪ್ರೊಪೆಲರನ್ನು ತಿರುಗಿಸುವುದು.

ಹಳೆಯ ಕಿರುಯಂತ್ರಗಳಲ್ಲಿ ಬಹುಪಾಲು ಎರಡು ಹೊಡೆತದ ಬಗೆಯವು. ಪಿಸ್ಟನ್ ಮೇಲೇರುವಾಗ ತನ್ನ ಮೇಲಿರುವ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಅದುಮುವುದು. ಅದೇ ವೇಳೆಗೆ ತನ್ನ ಕೆಳಗಿನ ಕೋಣೆಗೆ ಹೊಸ ಮಿಶ್ರಣವನ್ನು ಸೆಳೆದುಕೊಳ್ಳುವುದು. ಕಿಡಿ ತಗುಲಿ ಮಿಶ್ರಣವು ಉರಿದಾಗ ಪಿಸ್ಟನ್ ಕೆಳಗಿಳಿಯುವುದು. ಸಿಲಿಂಡರಿನ ಪಕ್ಕದ ರಂಧ್ರಗಳು ತೆರೆದು ಹೊಗೆಯು ಹೊರಹೋಗಿ ಕೆಳಗಿನ ಮಿಶ್ರಣವು ಮೇಲೆ ಬರುವುದು. ಕೆಳಕೋಣೆಯು ಮಿಶ್ರಣದ ದಾರಿಯೇ ಆಗಿರುವುದರಿಂದ ಅಲ್ಲಿ ಎಣ್ಣೆಯ ಕೊಳವನ್ನು ಇಡುವಂತಿಲ್ಲ. ಆದುದರಿಂದ ಎಣ್ಣೆಯನ್ನು ಪೆಟ್ರೋಲಿನೊಂದಿಗೆ ಬೆರೆಸಿಯೇ ಕಳುಹಿಸಬೇಕು. ನಾಲ್ಕು ಹೊಡೆತದ ಹೊಸ ಯಂತ್ರಗಳಲ್ಲಿ ಎಣ್ಣೆಗೆ ಬೇರೆ ಪಾತ್ರೆಯುಂಟು. ಅವುಗಳಿಗೆ ಬೆರಸಿದ ಇಂಧನವನ್ನು ಹಾಕಬಾರದು.

ಮುರಿಯಲೆಂದೇ ಇರುವ ಕಡ್ಡಿ

ಪ್ರೊಪೆಲರನ್ನು ಅದರ ದಂಡಕ್ಕೆ ಅಡ್ಡಲಾಗಿ ತೂರಿದ ಒಂದು ಕಡ್ಡಿಯು ಹಿಡಿದಿರುವುದು. ಇದಕ್ಕೆ ಶಿಯರ್ ಪಿನ್ ಎನ್ನುವರು. ಪ್ರೊಪೆಲರು ಬಂಡೆಗೋ ಮರದ ದಿಮ್ಮಿಗೋ ಬಡಿದಾಗ ಈ ಕಡ್ಡಿಯು ಕತ್ತರಿಸಿಹೋಗುವುದು; ಹಲ್ಲುಗಾಲಿಗಳು ಉಳಿದುಕೊಳ್ಳುವುವು.

ಇದನ್ನು ಲೆಕ್ಕದಿಂದ ನೋಡೋಣ. 5 ಅಶ್ವಶಕ್ತಿಯ ಯಂತ್ರವೆಂದರೆ ಸುಮಾರು 3,700 ವ್ಯಾಟ್. ಪ್ರೊಪೆಲರು ನಿಮಿಷಕ್ಕೆ 2,500 ಸುತ್ತು ತಿರುಗುವುದೆಂದುಕೊಂಡರೆ ಅದರ ಕೋನವೇಗವು ಸೆಕೆಂಡಿಗೆ ಸುಮಾರು 262 ರೇಡಿಯನ್. ಶಕ್ತಿಯನ್ನು ಕೋನವೇಗದಿಂದ ಭಾಗಿಸಿದರೆ ತಿರುಚುವ ಬಲವು ದೊರಕುವುದು. ಅದು ಸುಮಾರು 14 ನ್ಯೂಟನ್-ಮೀಟರ್. ದಂಡದ ವ್ಯಾಸ 12 ಮಿಲಿಮೀಟರ್ ಆಗಿದ್ದರೆ ಕಡ್ಡಿಯ ಎರಡು ಕತ್ತರಿಕೆಯ ಮುಖಗಳ ಮೇಲೆ ತಲಾ ಸುಮಾರು 1,170 ನ್ಯೂಟನ್ ಬಲ ಬೀಳುವುದು. ಕಡ್ಡಿಯು 4 ಮಿಲಿಮೀಟರ್ ದಪ್ಪವಿದ್ದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 12.6 ಚದರ ಮಿಲಿಮೀಟರ್. ಹಾಗಾದರೆ ಒಂದು ಚದರ ಮಿಲಿಮೀಟರಿಗೆ ಬೀಳುವ ಬಲ ಸುಮಾರು 93 ನ್ಯೂಟನ್. ಹಿತ್ತಾಳೆಯು ಕತ್ತರಿಸಿಹೋಗಲು ಚದರ ಮಿಲಿಮೀಟರಿಗೆ ಸುಮಾರು 200ರಿಂದ 300 ನ್ಯೂಟನ್ ಬೇಕು. ಎಂದರೆ ದಿನದ ಕೆಲಸದಲ್ಲಿ ಹಿತ್ತಾಳೆಯ ಕಡ್ಡಿಯು ಸುರಕ್ಷಿತವಾಗಿರುವುದು. ಬಲವು ಎರಡು ಮೂರು ಪಟ್ಟಾದೊಡನೆ ಮುರಿಯುವುದು. ರೂಪಿಸಿದವರ ಉದ್ದೇಶವೂ ಅದೇ.

ಕಡ್ಡಿ ಮುರಿದಾಗ ಅದರ ಜಾಗದಲ್ಲಿ ಗಟ್ಟಿಯಾದ ಉಕ್ಕಿನ ಮೊಳೆಯೊಂದನ್ನು ತೂರಿ, ಇನ್ನು ಇದು ಮುರಿಯದು ಎಂದು ಸಮಾಧಾನಪಡುವವರುಂಟು. ಹದಮಾಡಿದ ಉಕ್ಕು ಹಿತ್ತಾಳೆಗಿಂತ ಎಷ್ಟೋ ಪಾಲು ಹೆಚ್ಚಿನ ಬಲವನ್ನು ತಡೆಯುವುದು ನಿಜ. ಆದರೆ ಮುಂದಿನ ಬಡಿತದಲ್ಲಿ ಮುರಿಯುವುದು ಮೊಳೆಯಲ್ಲ, ಹಲ್ಲುಗಾಲಿ. ತಾತ್ಪರ್ಯವಿಷ್ಟೆ: ಬದಲಿ ಭಾಗವು ಮೂಲಭಾಗಕ್ಕಿಂತ ದುರ್ಬಲವಾಗಿರಬಾರದು, ಅದಕ್ಕಿಂತ ಬಲವಾಗಿಯೂ ಇರಬಾರದು. ಯೋಗ್ಯವಾದ ಕಡ್ಡಿಗಳನ್ನು ಎರಡು ಮೂರು ದೋಣಿಯಲ್ಲಿಯೇ ಇಟ್ಟುಕೊಂಡಿರುವುದು ಬುದ್ಧಿವಂತಿಕೆ.

ಕೆಲವು ಯಂತ್ರಗಳಲ್ಲಿ ಕಡ್ಡಿಗೆ ಬದಲಾಗಿ ಪ್ರೊಪೆಲರಿನ ಗುಂಬದಲ್ಲಿ ರಬ್ಬರಿನ ತೋಳು ಇರುವುದು. ಬಡಿತವಾದಾಗ ಅದು ಜಾರಿಕೊಳ್ಳುವುದು. ಸೀಗಲ್ ಯಂತ್ರದಲ್ಲಿ ಪ್ರೊಪೆಲರಿಗೂ ದಂಡಕ್ಕೂ ನಡುವೆ ಸುರುಳಿಯಾದ ತಂತಿಯ ಸ್ಪ್ರಿಂಗನ್ನು ಹಾಕಿ ಬಡಿತವನ್ನು ಅದು ನುಂಗುವಂತೆ ಮಾಡಿದ್ದಾರೆ. ಬಗೆಗಳು ಬೇರೆಯಾದರೂ ತತ್ತ್ವವು ಒಂದೇ.

ಕರಗಲೆಂದೇ ಇರುವ ಸತು

ಯಂತ್ರದ ಕಾಲು ಅಲ್ಯೂಮಿನಿಯಂ ಮಿಶ್ರಲೋಹದ್ದು, ದಂಡವು ಉಕ್ಕಿನದು, ಕೆಲವು ಭಾಗಗಳು ಕಂಚಿನವು. ಇವೆಲ್ಲ ಉಪ್ಪುನೀರಿನಲ್ಲಿ ಒಟ್ಟಿಗೆ ಮುಳುಗಿದಾಗ ಒಂದು ವಿದ್ಯುತ್ಕೋಶವೇ ಏರ್ಪಡುವುದು. ಅದರಲ್ಲಿ ಅಲ್ಯೂಮಿನಿಯಂ ಋಣಧ್ರುವವಾಗಿ ಕರಗತೊಡಗುವುದು. ಇದನ್ನು ತಡೆಯಲು ಕಾಲಿನ ಕೆಳಭಾಗದಲ್ಲಿ ಸತುವಿನ ತುಂಡೊಂದನ್ನು ತಿರುಪಿನಿಂದ ಬಿಗಿದಿರುವರು. ಸತುವು ತಾನು ಕರಗಿ ಅಲ್ಯೂಮಿನಿಯಮನ್ನು ಕಾಯುವುದು.

ರಸಾಯನಶಾಸ್ತ್ರವನ್ನು ಓದಿದ ವಿದ್ಯಾರ್ಥಿಗೆ ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಲೋಹಗಳ ಕ್ರಿಯಾಶೀಲತೆಯ ಪಟ್ಟಿಯಲ್ಲಿ ಅಲ್ಯೂಮಿನಿಯಂ ಸತುವಿಗಿಂತ ಮೇಲಿದೆ. ಹಾಗಿದ್ದರೆ ಅಲ್ಯೂಮಿನಿಯಂ ಮೊದಲು ಕರಗಿ ಸತುವು ಉಳಿಯಬೇಕಲ್ಲವೆ? ಪಠ್ಯಪುಸ್ತಕದ ಪಟ್ಟಿಯು ಶುದ್ಧವಾದ, ಹೊದಿಕೆಯಿಲ್ಲದ ಲೋಹಕ್ಕೆ ಸಂಬಂಧಿಸಿದ್ದು. ಗಾಳಿಯಲ್ಲಾಗಲಿ ನೀರಿನಲ್ಲಾಗಲಿ ಅಲ್ಯೂಮಿನಿಯಂ ಕ್ಷಣಮಾತ್ರದಲ್ಲಿ ಆಕ್ಸೈಡಿನ ತೆಳುವಾದ ಗಟ್ಟಿ ಪೊರೆಯನ್ನು ಹೊದ್ದುಕೊಳ್ಳುವುದು. ಆ ಪೊರೆಯ ದೆಸೆಯಿಂದ ಅದು ತನ್ನ ನಿಜಸ್ವಭಾವಕ್ಕಿಂತ ಸೌಮ್ಯವಾಗಿ ವರ್ತಿಸುವುದು. ಕಡಲನೀರಿನಲ್ಲಿ ಅಳೆದು ನೋಡಿದರೆ ಸತುವು ಅಲ್ಯೂಮಿನಿಯಂಗಿಂತ ಸುಮಾರು ಕಾಲು ವೋಲ್ಟಿನಷ್ಟು ಹೆಚ್ಚು ಋಣವಾಗಿರುವುದು. ಆದುದರಿಂದಲೇ ಸತುವು ಕಾವಲುಗಾರನಾಗಬಲ್ಲುದು.

ಸತುವಿನ ಮೇಲೆ ಬಣ್ಣ ಬಳಿಯಬಾರದು. ಬಳಿದರೆ ಅದು ನೀರನ್ನು ಮುಟ್ಟಲಾರದೆ ನಿಷ್ಪ್ರಯೋಜಕವಾಗುವುದು. ಅದು ಯಂತ್ರದ ಲೋಹಕ್ಕೆ ನೇರವಾಗಿ ತಾಗಿರಬೇಕು. ಅರ್ಧದಷ್ಟು ಕರಗಿದೊಡನೆ ಬದಲಿಸಬೇಕು. ವರ್ಷಗಳಿಂದ ಕರಗದೆ ಹೊಸದಾಗಿಯೇ ಉಳಿದ ಸತುವು ಸಂತೋಷಕ್ಕೆ ಕಾರಣವಲ್ಲ. ಅದಕ್ಕೂ ಯಂತ್ರಕ್ಕೂ ನಡುವೆ ಸಂಪರ್ಕ ತಪ್ಪಿದೆಯೆಂದೇ ತಿಳಿಯಬೇಕು. ಸಿಹಿನೀರಿನಲ್ಲಿಯೇ ಸದಾ ಓಡುವ ಯಂತ್ರಕ್ಕೆ ಸತುವಿಗಿಂತ ಮೆಗ್ನೀಸಿಯಂ ತುಂಡು ಹೆಚ್ಚು ಉಪಯುಕ್ತ.

ನೀರೆತ್ತುವ ರಬ್ಬರುಚಕ್ರ

ಎಂಜಿನ್ನಿನ ತಲೆಯನ್ನು ತಣ್ಣಗಿಡಲು ಕಡಲಿನ ಅಥವಾ ಹೊಳೆಯ ನೀರನ್ನೇ ಮೇಲಕ್ಕೆತ್ತುವರು. ಕಾಲಿನೊಳಗೆ ದುಂಡನೆಯ ಗೂಡಿನಲ್ಲಿ ರಬ್ಬರಿನ ಎಸಳುಗಳುಳ್ಳ ಚಕ್ರವೊಂದು ತಿರುಗುವುದು. ಚಕ್ರವು ಗೂಡಿನ ನಡುವಿನಲ್ಲಿರದೆ ಒಂದು ಬದಿಗೆ ಸರಿದಿರುವುದು. ಆದುದರಿಂದ ಎಸಳುಗಳು ಒಂದೆಡೆ ಬಾಗಿ ಇನ್ನೊಂದೆಡೆ ಬಿಚ್ಚಿಕೊಳ್ಳುವುವು. ಬಿಚ್ಚಿಕೊಳ್ಳುವೆಡೆ ಎಡವು ಹಿರಿದಾಗಿ ನೀರು ಒಳಕ್ಕೆ ಬರುವುದು; ಬಾಗುವೆಡೆ ಎಡವು ಕಿರಿದಾಗಿ ನೀರು ಮೇಲಕ್ಕೆ ತಳ್ಳಲ್ಪಡುವುದು.

ಈ ರಬ್ಬರಿಗೆ ನೀರೇ ಜಾರೆಣ್ಣೆ. ನೀರಿಲ್ಲದೆ ಯಂತ್ರವನ್ನು ಓಡಿಸಿದರೆ ಎಸಳುಗಳು ಬಹುಬೇಗ ಕಾದು ಸುಟ್ಟು ಹರಿಯುವುವು. ಆದುದರಿಂದ ದಡದ ಮೇಲೆ ಯಂತ್ರವನ್ನು ಪರೀಕ್ಷಿಸಬೇಕಾದರೆ ಅದರ ಕಾಲನ್ನು ನೀರು ತುಂಬಿದ ಪೀಪಾಯಿಯಲ್ಲಿ ಮುಳುಗಿಸಿಯೇ ಪರೀಕ್ಷಿಸತಕ್ಕದ್ದು. ಈ ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಮುಚ್ಚಿದ ಕೋಣೆಯಲ್ಲಿ ಹೊಗೆಯೊಳಗಿನ ಇಂಗಾಲದ ಮಾನಾಕ್ಸೈಡ್ ಪ್ರಾಣಾಂತಿಕವಾಗುವುದು. ವಿದ್ಯಾರ್ಥಿಗಳು ಅನುಭವಸ್ಥರ ಸಮ್ಮುಖದಲ್ಲಲ್ಲದೆ ಇದಕ್ಕೆ ಕೈಹಾಕಬಾರದು.

ಯಂತ್ರವು ಓಡುತ್ತಿರುವಾಗ ಅದರ ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಎಳೆಯೊಂದು ಚಿಮ್ಮುತ್ತಿರುವುದು ಅನೇಕ ಯಂತ್ರಗಳಲ್ಲಿ ಕಾಣುವುದು. ನಾಡಿ ಹಿಡಿದು ನೋಡುವ ವೈದ್ಯನಂತೆ ದೋಣಿಯವನು ಆ ಎಳೆಯ ಮೇಲೆ ಕಣ್ಣಿಟ್ಟಿರಬೇಕು. ಎಳೆಯು ಕ್ಷೀಣಿಸಿದರೆ ರಂಧ್ರದಲ್ಲಿ ಮರಳು ಸೇರಿರಬಹುದು, ಇಲ್ಲವೆ ರಬ್ಬರುಚಕ್ರವು ಸವೆದಿರಬಹುದು. ಎಳೆಯು ನಿಂತರೆ ಯಂತ್ರವನ್ನೂ ಕೂಡಲೆ ನಿಲ್ಲಿಸಬೇಕು. ಇಲ್ಲವಾದರೆ ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು. ಬಹುಕಾಲ ತಿರುಗದೆ ನಿಂತ ಚಕ್ರದ ಎಸಳುಗಳು ಬಾಗಿದ ಸ್ಥಿತಿಯಲ್ಲಿಯೇ ಬಿಗಿದುಕೊಳ್ಳುವುದರಿಂದ ವರ್ಷಕ್ಕೊಮ್ಮೆ ಅದನ್ನು ತೆಗೆದು ನೋಡುವುದು ಒಳ್ಳೆಯದು. ಹರಿದ ಎಸಳಿನ ಚೂರು ಸಿಕ್ಕದಿದ್ದರೆ ಅದನ್ನು ನೀರಿನ ದಾರಿಯಲ್ಲಿ ಹುಡುಕಲೇಬೇಕು. ಹೊಸ ಚಕ್ರವನ್ನು ಹಾಕಿದ ಮೇಲೂ ಆ ಚೂರು ದಾರಿಯನ್ನು ಮುಚ್ಚಬಲ್ಲುದು.

ಇಂಧನ, ಎಣ್ಣೆ ಮತ್ತು ಕಿಡಿ

ಎಣ್ಣೆಯನ್ನು ಬೆರಸುವ ಪ್ರಮಾಣವು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿರುವುದು. ಈಚಿನ ಎರಡು ಹೊಡೆತದ ಯಂತ್ರಗಳಲ್ಲಿ ಅನೇಕವು 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆಯನ್ನು ಕೇಳುವುವು; 5 ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್ ಸಾಕು. ಹಳೆಯ ಸೀಗಲ್ ಯಂತ್ರಗಳಿಗಾದರೋ 10 ಪಾಲಿಗೆ 1 ಪಾಲು ಬೇಕಾಗಿತ್ತು. ಉರುಳೆ ಬೇರಿಂಗುಗಳಿಗೆ ಸಾಕಾಗುವ ತೆಳುವಾದ ಎಣ್ಣೆಯ ಲೇಪ ಸೀಗಲ್ಲಿನ ಸಾದಾ ಲೋಹದ ಬಳೆಗಳಿಗೆ ಸಾಲದು. ಆದುದರಿಂದ ಒಂದು ಯಂತ್ರದ ಪ್ರಮಾಣವನ್ನು ಇನ್ನೊಂದಕ್ಕೆ ಅನ್ವಯಿಸುವುದು ಅನರ್ಥಕ್ಕೆ ದಾರಿ. ಎಣ್ಣೆಯೂ ನೀರಿನಿಂದ ತಂಪಾಗುವ ಯಂತ್ರಕ್ಕೆಂದೇ ಮಾಡಿದ್ದಾಗಿರಬೇಕು. ಡಬ್ಬಿಯ ಮೇಲೆ ಟಿ.ಸಿ.-ಡಬ್ಲ್ಯು 3 ಎಂಬ ಗುರುತನ್ನು ನೋಡಿಕೊಳ್ಳಬೇಕು. ಅದು ಉರಿದಾಗ ಬೂದಿ ಉಳಿಯದಂತೆ ತಯಾರಾದುದು.

ಮೀನುಗಾರರು ಬಳಸುವ ಯಂತ್ರಗಳಲ್ಲಿ ಸೀಮೆ ಎಣ್ಣೆಯಿಂದ ಓಡುವವೂ ಉಂಟು. ಸೀಮೆ ಎಣ್ಣೆಯು ತಣ್ಣಗಿರುವಾಗ ಸುಲಭವಾಗಿ ಆವಿಯಾಗದು. ಆದುದರಿಂದ ಮೊದಲು ಪೆಟ್ರೋಲಿನಿಂದ ಹೊರಡಿಸಿ, ಯಂತ್ರವು ಬಿಸಿಯಾದ ಮೇಲೆ ಸೀಮೆ ಎಣ್ಣೆಗೆ ತಿರುಗಿಸುವರು. ನಿಲ್ಲಿಸುವ ಮುನ್ನ ಮರಳಿ ಪೆಟ್ರೋಲಿಗೆ ತಿರುಗಿಸುವುದನ್ನು ಮರೆತರೆ ಕಾರ್ಬುರೇಟರಿನಲ್ಲಿ ಸೀಮೆ ಎಣ್ಣೆಯೇ ಉಳಿದು ಮಾರನೆಯ ದಿನ ಯಂತ್ರವು ಹೊರಡಲು ಹಟ ಮಾಡುವುದು.

ಪೆಟ್ರೋಲು ಕೂಡ ಕಾಲಾಂತರದಲ್ಲಿ ಕೆಡುವ ಪದಾರ್ಥ. ಅದರ ಹಗುರವಾದ ಅಂಶಗಳು ಆರಿಹೋಗಿ ಉಳಿದುದು ಅರಗಿನಂತೆ ಅಂಟಿಕೊಳ್ಳುವುದು. ಕಾರ್ಬುರೇಟರಿನ ಜೆಟ್ಟಿನ ರಂಧ್ರವು ಮಿಲಿಮೀಟರಿನಷ್ಟೂ ಅಗಲವಿಲ್ಲದ್ದಾಗಿರಬಹುದು. ಅದನ್ನು ಮುಚ್ಚಲು ಅಷ್ಟು ಅರಗು ಧಾರಾಳವಾಯಿತು. 2025ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲನ್ನು ಬೆರಸುವ ಗುರಿಯನ್ನು ಮುಟ್ಟಲಾಯಿತು. ಎಥೆನಾಲು ನೀರನ್ನು ಹೀರುವ ಗುಣವುಳ್ಳದ್ದು. ನೀರು ಮಿತಿಮೀರಿದಾಗ ಅದರೊಡನೆ ಬೇರ್ಪಟ್ಟು ತೊಟ್ಟಿಯ ತಳಕ್ಕಿಳಿಯುವುದು. ಹಳೆಯ ಯಂತ್ರಗಳ ರಬ್ಬರು ನಳಿಗೆಗಳನ್ನೂ ಅದು ಮೆತ್ತಗೆ ಮಾಡಬಲ್ಲುದು. ಆದುದರಿಂದ ಕೆಲವು ವಾರಗಳ ಕಾಲ ಯಂತ್ರವನ್ನು ಬಳಸುವುದಿಲ್ಲವೆಂದಾದರೆ ಇಂಧನದ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರು ಬರಿದಾಗುವವರೆಗೆ ಓಡಿಸಿ ನಿಲ್ಲಿಸುವುದು ಕ್ಷೇಮ. ಜೆಟ್ಟು ಮುಚ್ಚಿಕೊಂಡರೆ ಅದಕ್ಕೆ ತಕ್ಕ ದ್ರವದಲ್ಲಿ ನೆನೆಸಿ ಗಾಳಿಯಿಂದ ಊದಬೇಕು. ಉಕ್ಕಿನ ತಂತಿಯಿಂದ ಕೆದಕಿದರೆ ರಂಧ್ರವು ಹಿರಿದಾಗಿ ಇಂಧನದ ಪ್ರಮಾಣವೇ ಕೆಡುವುದು.

ಸ್ಪಾರ್ಕ್ ಪ್ಲಗ್ಗು ಯಂತ್ರದ ಅಂತರಂಗವನ್ನು ತಿಳಿಸುವ ಸಾಕ್ಷಿ. ಅದರ ತುದಿಯು ತಿಳಿಗಂದು ಬಣ್ಣದ್ದಾಗಿದ್ದರೆ ಉರಿಯು ಸರಿಯಾಗಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಎಣ್ಣೆಯೋ ಇಂಧನವೋ ಹೆಚ್ಚಾಗಿದೆ, ಇಲ್ಲವೆ ಕಿಡಿಯು ದುರ್ಬಲವಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಯಂತ್ರವು ಅತಿಯಾಗಿ ಕಾಯುತ್ತಿದೆ ಅಥವಾ ಇಂಧನವು ಸಾಲದಾಗಿದೆ. ಹೀಗೆ ಒಂದು ಪ್ಲಗ್ಗನ್ನು ಬಿಚ್ಚಿ ನೋಡುವುದರಿಂದ ಎಷ್ಟೋ ವ್ಯರ್ಥಶ್ರಮವು ತಪ್ಪುವುದು.

ಬಿಡಿಭಾಗಗಳನ್ನು ಹುಡುಕುವ ಬಗೆ

ಈಗ ನಮ್ಮ ಹಿಂದಿನ ಪ್ರಶ್ನೆಗೆ ಬರೋಣ. ತಯಾರಕರೇ ಇಲ್ಲದ ಯಂತ್ರಕ್ಕೆ ಭಾಗಗಳು ಎಲ್ಲಿಂದ ಬರಬೇಕು?

ಮೊದಲನೆಯದಾಗಿ ಯಂತ್ರದ ಪೂರ್ಣನಾಮವನ್ನು ತಿಳಿಯಬೇಕು. ಹಲಗೆಗೆ ಬಿಗಿಯುವ ಹಿಡಿಕೆಯ ಬಳಿ ಇರುವ ಫಲಕದಲ್ಲಿ ಮಾದರಿಯ ಸಂಖ್ಯೆಯೂ ಕ್ರಮಾಂಕವೂ ಇರುವುವು. ಅಕ್ಷರವೊಂದು ತಪ್ಪಿದರೂ ಬೇರೆ ವರ್ಷದ, ಬೇರೆ ಅಳತೆಯ ಭಾಗವು ಬರಬಹುದು. ಆ ಸಂಖ್ಯೆಯಿಂದ ತಯಾರಕರ ಬಿಡಿಭಾಗಗಳ ಚಿತ್ರಪಟ್ಟಿಯನ್ನು ಹಿಡಿದರೆ ಪ್ರತಿಯೊಂದು ಭಾಗಕ್ಕೂ ಅದರದೇ ಆದ ಸಂಖ್ಯೆಯು ದೊರಕುವುದು. ತಯಾರಕರು ಕಾಲಕಾಲಕ್ಕೆ ಹಳೆಯ ಸಂಖ್ಯೆಯನ್ನು ರದ್ದುಮಾಡಿ ಹೊಸ ಸಂಖ್ಯೆಯನ್ನು ಕೊಡುವುದುಂಟು. ಆದುದರಿಂದ ಒಂದು ಸಂಖ್ಯೆಯು ಸಿಕ್ಕದೆಂಬ ಮಾತ್ರದಿಂದ ಭಾಗವೇ ಇಲ್ಲವೆಂದು ಭಾವಿಸಬಾರದು.

ಎರಡನೆಯದಾಗಿ ಯಂತ್ರದ ಬಂಧುಗಳನ್ನು ಅರಿಯಬೇಕು. ಬಣ್ಣವೂ ಹೆಸರೂ ಬೇರೆಯಾಗಿದ್ದು ಒಳಗಿನ ಯಂತ್ರವು ಒಂದೇ ಆಗಿರುವುದು ಈ ಉದ್ಯಮದಲ್ಲಿ ಸಾಮಾನ್ಯ. ಜಾನ್ಸನ್ ಮತ್ತು ಎವಿನ್‌ರೂಡ್ ಒಂದೇ ಸಂಸ್ಥೆಯ ಎರಡು ಹೆಸರುಗಳಾಗಿದ್ದ ದಶಕಗಳಲ್ಲಿ ಅವುಗಳ ಎಷ್ಟೋ ಮಾದರಿಗಳು ಮುಚ್ಚಳವನ್ನು ಬಿಟ್ಟರೆ ಅವಳಿಗಳೇ ಆಗಿದ್ದುವು. ಜಪಾನಿನ ತೊಹಾತ್ಸು ಸಂಸ್ಥೆಯು ಮಾಡಿದ ಚಿಕ್ಕ ಎಂಜಿನುಗಳು ಮರ್ಕ್ಯುರಿ ಎಂಬ ಹೆಸರಿನಲ್ಲಿಯೂ ಮಾರಾಟವಾಗಿವೆ. ಒಂದು ಹೆಸರಿನಲ್ಲಿ ಸಿಕ್ಕದ ಭಾಗವು ಇನ್ನೊಂದು ಹೆಸರಿನಲ್ಲಿ ಸಿಕ್ಕಬಹುದು. ಸೀಗಲ್ ಯಂತ್ರವು ಉಳಿದುದರ ಗುಟ್ಟೂ ಹೆಚ್ಚುಕಡಿಮೆ ಇದೇ. ಆ ತಯಾರಕರು ದಶಕಗಟ್ಟಳೆ ಕಾಲ ರಚನೆಯನ್ನು ಅಷ್ಟಾಗಿ ಬದಲಿಸಲಿಲ್ಲ. ಒಂದು ಮಾದರಿಯ ಭಾಗವು ಇನ್ನೊಂದಕ್ಕೂ ಹೊಂದುತ್ತಿತ್ತು. ಆದುದರಿಂದ ಕಾರ್ಖಾನೆಯು ಮುಚ್ಚಿದ ಮೇಲೂ ಅದರ ಭಾಗಗಳನ್ನು ಮಾಡಿ ಮಾರುವುದು ವ್ಯಾಪಾರಿಗಳಿಗೆ ಲಾಭದಾಯಕವಾಗಿಯೇ ಉಳಿಯಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಯಂತ್ರದೊಳಗಿನ ಅನೇಕ ಭಾಗಗಳು ಆ ಯಂತ್ರಕ್ಕೇ ಮೀಸಲಾದವಲ್ಲ. ಜಗತ್ತಿನಾದ್ಯಂತ ಒಂದೇ ಅಳತೆಗೆ ಒಳಪಟ್ಟವು. ಗುಂಡು ಬೇರಿಂಗನ್ನು ತೆಗೆದುಕೊಳ್ಳಿ. ಅದರ ಅಂಚಿನಲ್ಲಿ 6204 ಎಂದು ಕೊರೆದಿದ್ದರೆ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿ, 20 ಬರುವುದು. ಒಳತೂತಿನ ವ್ಯಾಸ 20 ಮಿಲಿಮೀಟರ್ ಎಂದರ್ಥ. ಇದರ ಹೊರವ್ಯಾಸ 47 ಮಿಲಿಮೀಟರ್, ದಪ್ಪ 14 ಮಿಲಿಮೀಟರ್. 6205 ಆದರೆ ಒಳತೂತು 25, ಹೊರವ್ಯಾಸ 52, ದಪ್ಪ 15. 04ಕ್ಕಿಂತ ಕೆಳಗಿನ ಅಂಕಿಗಳಿಗೆ ಈ ಗುಣಾಕಾರವು ಸಲ್ಲದು; 6203ರ ಒಳತೂತು 17 ಮಿಲಿಮೀಟರ್. ಸಂಖ್ಯೆಯ ಮುಂದೆ ಸಿ 3 ಎಂಬ ಗುರುತಿದ್ದರೆ ಬೇರಿಂಗಿನ ಒಳಗಿನ ಸಡಿಲವು ಸಾಮಾನ್ಯಕ್ಕಿಂತ ಹೆಚ್ಚೆಂದು ಅರ್ಥ; ಅಂಥದಕ್ಕೆ ಅಂಥದನ್ನೇ ಹಾಕಬೇಕು. ಹೀಗೆ ದೋಣಿಯ ಯಂತ್ರವನ್ನು ಎಂದೂ ಕಂಡಿರದ ಊರಿನ ಬೇರಿಂಗ್ ಅಂಗಡಿಯಲ್ಲಿಯೂ ಅದರ ಬೇರಿಂಗು ಸಿಕ್ಕುವುದು.

ಎಣ್ಣೆ ಸೋರದಂತೆ ತಡೆಯುವ ರಬ್ಬರು ಸೀಲುಗಳ ಮೇಲೆ ಮೂರು ಅಂಕಿಗಳಿರುವುವು. 17, 30, 6 ಎಂದಿದ್ದರೆ ದಂಡದ ವ್ಯಾಸ 17, ಗೂಡಿನ ವ್ಯಾಸ 30, ಅಗಲ 6 ಮಿಲಿಮೀಟರ್. ಸ್ಪಾರ್ಕ್ ಪ್ಲಗ್ಗಿನಲ್ಲಿ ಮೂರು ಸಂಗತಿಗಳನ್ನು ನೋಡಬೇಕು: ಮರೆಯ ವ್ಯಾಸ, ಮರೆಯ ಉದ್ದ ಮತ್ತು ಶಾಖದ ದರ್ಜೆ. ಮರೆಯ ವ್ಯಾಸವು ಬಹುಮಟ್ಟಿಗೆ 14 ಮಿಲಿಮೀಟರ್. ಉದ್ದವು ಹೆಚ್ಚಾದರೆ ತುದಿಯು ಪಿಸ್ಟನ್ನಿಗೆ ಬಡಿಯಬಹುದು. ಆದುದರಿಂದ ತಿರುಪು ಕೂಡಿತೆಂಬುದೊಂದೇ ಸಾಲದು.

ಪೆಟ್ಟಿಗೆಯ ಹಲ್ಲುಗಾಲಿ ಎಣ್ಣೆಯು ಹಾಲಿನಂತೆ ಬೆಳ್ಳಗಾದರೆ ಸೀಲು ಸವೆದು ನೀರು ಸೇರಿದೆಯೆಂದು ತಿಳಿಯಬೇಕು. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಒತ್ತಿ, ಅದು ಮೇಲಿನ ತೂತಿನಲ್ಲಿ ಕಾಣುವವರೆಗೂ ತುಂಬಬೇಕು. ಹೀಗೆ ಮಾಡಿದರೆ ಒಳಗೆ ಗಾಳಿಯು ಉಳಿಯದು. ಇಲ್ಲಿಯೂ ಹಳೆಯ ಸೀಗಲ್ ಒಂದು ಅಪವಾದ. ಅದರ ಪೆಟ್ಟಿಗೆಯಲ್ಲಿ ರಬ್ಬರು ಸೀಲುಗಳಿಲ್ಲದೆ ಸ್ವಲ್ಪ ನೀರು ಒಳಬರುವುದು ಸಹಜವೇ ಆಗಿದ್ದು, 140 ದರ್ಜೆಯ ಮಂದವಾದ ಎಣ್ಣೆಯು ನೀರಿನೊಡನೆ ಬೆರೆತೂ ಹಲ್ಲುಗಳನ್ನು ಕಾಯುವುದು. ಯಂತ್ರದ ರಚನೆಯನ್ನು ಅರಿಯದೆ ಲಕ್ಷಣವನ್ನು ಮಾತ್ರ ನೋಡಿ ತೀರ್ಪು ಹೇಳಬಾರದೆಂಬುದಕ್ಕೆ ಇದು ನಿದರ್ಶನ.

ಕಾಗದದ ಗ್ಯಾಸ್ಕೆಟ್ಟನ್ನು ಅದೇ ದಪ್ಪದ ಹಾಳೆಯಿಂದ ಕತ್ತರಿಸಿಕೊಳ್ಳಬಹುದು. ಸವೆದ ಕಂಚಿನ ಬಳೆಯನ್ನು ಲೇತಿನಲ್ಲಿ ಕಡೆಸಬಹುದು. ಆದರೆ ಇಂಧನದ ನಳಿಗೆ, ಪಿಸ್ಟನ್ನಿನ ಉಂಗುರ, ಸಿಲಿಂಡರಿನ ತಲೆಯ ಗ್ಯಾಸ್ಕೆಟ್ ಇವುಗಳಲ್ಲಿ ಮನಬಂದಂತೆ ಬದಲಿಯನ್ನು ಹಾಕಬಾರದು. ಮೊದಲನೆಯದರಿಂದ ಬೆಂಕಿಯ ಅಪಾಯ. ಎರಡನೆಯದರಿಂದ ಸಿಲಿಂಡರಿಗೆ ಹಾನಿ. ಮೂರನೆಯದರ ದಪ್ಪ ವ್ಯತ್ಯಾಸವಾದರೆ ಅದುಮುವಿಕೆಯ ಪ್ರಮಾಣವೇ ಬದಲಾಗುವುದು.

ನೀರಿಗೆ ಬಿದ್ದ ಯಂತ್ರ

ದೋಣಿಯು ಮಗುಚಿ ಯಂತ್ರವು ಕಡಲಿಗೆ ಬಿದ್ದು ಮೇಲೆ ಬಂದರೆ ಅದನ್ನು ಬಿಸಿಲಿಗಿಟ್ಟು ಒಣಗಿಸುವುದು ಸಹಜವಾದರೂ ತಪ್ಪು. ಉಪ್ಪು, ನೀರು, ಗಾಳಿ ಮೂರೂ ಕೂಡಿದಾಗಲೇ ತುಕ್ಕು ವೇಗವಾಗಿ ಹಬ್ಬುವುದು. ಕೂಡಲೆ ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಪ್ಲಗ್ಗನ್ನು ಬಿಚ್ಚಿ, ಸಿಲಿಂಡರಿನ ನೀರನ್ನು ಹೊರಹಾಕಿ, ಎಣ್ಣೆಯನ್ನು ಬಿಟ್ಟು, ಅಂದೇ ಯಂತ್ರವನ್ನು ಓಡಿಸಬೇಕು. ಕೈಯಿಂದ ತಿರುಗಿಸುವಾಗ ಒಳಗೆ ಮರಳಿನ ಕರಕರ ಕೇಳಿದರೆ ಓಡಿಸದೆ ಬಿಚ್ಚಿಸಬೇಕು. ಅಂದೇ ಕೆಲಸ ಮಾಡಲು ಆಗದಿದ್ದರೆ ಯಂತ್ರವನ್ನು ಸಿಹಿನೀರಿನಲ್ಲಿಯೇ ಮುಳುಗಿಸಿಟ್ಟು ಗಾಳಿಯನ್ನು ದೂರವಿಡುವುದು ಲೇಸು.

ನಿಂತ ಯಂತ್ರದ ಅಪಾಯ

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಉತ್ತರ ಕರ್ನಾಟಕದ ಅನೇಕ ಗ್ರಾಮಗಳು ಜಲಾವೃತವಾದಾಗ ರಕ್ಷಣಾದಳದವರು ದೋಣಿಗಳಲ್ಲಿ ಹೋಗಿ ಜನರನ್ನು ದಡ ಸೇರಿಸಿದರು. ಇಂಥ ಕೆಲಸಕ್ಕೆಂದು ಇರಿಸಿದ ಗಾಳಿದೋಣಿಗಳಿಗೆ ಕಟ್ಟುವುದು ಇದೇ ಬಗೆಯ ಕಿರುಯಂತ್ರವನ್ನು. ಮೀನುಗಾರನ ಯಂತ್ರವು ದಿನವೂ ಓಡುವುದರಿಂದ ಅದರ ದೋಷವು ದಿನವೂ ಕಣ್ಣಿಗೆ ಬೀಳುವುದು. ನೆರೆಗಾಗಿ ಕಾದಿಟ್ಟ ಯಂತ್ರವಾದರೋ ತಿಂಗಳುಗಟ್ಟಳೆ ಉಗ್ರಾಣದಲ್ಲಿರುವುದು. ಅದರೊಳಗೆ ಪೆಟ್ರೋಲು ಅರಗಾಗುವುದೂ, ರಬ್ಬರು ಬಿಗಿಯುವುದೂ, ಸೀಲು ಒಣಗುವುದೂ ಯಾರ ಗಮನಕ್ಕೂ ಬಾರದು. ಅದರ ಮೇಲೆ ಧೂಳಿಲ್ಲದಿರುವುದು ಆರೋಗ್ಯದ ಗುರುತಲ್ಲ. ತಿಂಗಳಿಗೊಮ್ಮೆ ಪೀಪಾಯಿಯ ನೀರಿನಲ್ಲಿ ಹತ್ತು ನಿಮಿಷ ಓಡಿಸಿ, ನೀರಿನ ಎಳೆಯನ್ನು ನೋಡಿ, ಕಾರ್ಬುರೇಟರನ್ನು ಬರಿದುಮಾಡಿ, ದಿನಾಂಕವನ್ನು ಬರೆದಿಡುವುದೇ ಅದಕ್ಕೆ ತಕ್ಕ ಆರೈಕೆ.

ಆದುದರಿಂದ ಪ್ರತಿಯೊಂದು ಯಂತ್ರಕ್ಕೂ ಒಂದು ಪುಸ್ತಕವಿರಲಿ. ಮೊದಲ ಪುಟದಲ್ಲಿ ಮಾದರಿ ಮತ್ತು ಕ್ರಮಾಂಕ. ಎರಡನೆಯ ಪುಟದಲ್ಲಿ ಪ್ಲಗ್ಗು, ಬೇರಿಂಗು, ಸೀಲು, ರಬ್ಬರುಚಕ್ರ, ಕಡ್ಡಿ ಇವುಗಳ ಸಂಖ್ಯೆ ಮತ್ತು ಅಳತೆ. ಮುಂದಿನ ಪುಟಗಳಲ್ಲಿ ಯಾವುದನ್ನು ಎಂದು ಬದಲಿಸಿತೆಂಬ ವಿವರ. ಯಂತ್ರದ ಜೊತೆಗೆ ಎರಡು ಕಡ್ಡಿ, ಒಂದು ಪ್ಲಗ್ಗು, ಅದನ್ನು ಬಿಚ್ಚುವ ಉಪಕರಣ, ಎಳೆಯುವ ಹಗ್ಗ ಇಷ್ಟನ್ನು ನೀರು ತಾಗದ ಚೀಲದಲ್ಲಿಟ್ಟರೆ ಅದರ ತೂಕ ಒಂದು ಕಿಲೋಗ್ರಾಮನ್ನು ಮೀರದು. ಕಡಲಿನ ಬಳಿಯಲ್ಲೋ ನದಿಯ ದಡದಲ್ಲೋ ವಾಸಿಸುವ ವಿದ್ಯಾರ್ಥಿಗಳು ತಮ್ಮ ಮನೆಯ ಅಥವಾ ನೆರೆಯವರ ಯಂತ್ರವೊಂದಕ್ಕೆ ಇಂಥ ಪುಸ್ತಕವನ್ನು ಸಿದ್ಧಪಡಿಸಿಕೊಡಬಹುದು. ಅದಕ್ಕೆ ಬೇಕಾದುದು ಒಂದು ಅಳತೆಪಟ್ಟಿ, ಒಂದು ಪೆನ್ಸಿಲು ಮತ್ತು ಒಂದು ಮಧ್ಯಾಹ್ನದ ವಿರಾಮ ಮಾತ್ರ.